ಲಲ್ಲಿಂಗ್‌ಸ್ಟೋನ್ ಮನೆಯ ಗೋಡೆಗಳು: ಮೇಲೊಂದು ಆರಾಧನೆ, ಕೆಳಗೊಂದು ಆರಾಧನೆ

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ, ಡ್ಯಾರೆಂಟ್ ಎಂಬ ಸಣ್ಣ ನದಿಯ ದಡದಲ್ಲಿ, ಐನ್ಸ್‌ಫರ್ಡ್ ಹಳ್ಳಿಗೆ ಸಮೀಪದಲ್ಲಿ ಲಲ್ಲಿಂಗ್‌ಸ್ಟೋನ್ ಎಂಬ ಜಾಗವಿದೆ. ಕ್ರಿ.ಶ. ಒಂದನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಎದ್ದ ಒಂದು ರೋಮನ್ ಮನೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಮತ್ತೆ ಮತ್ತೆ ಮಾರ್ಪಾಡುಗೊಂಡು, ಐದನೆಯ ಶತಮಾನದ ಆರಂಭದಲ್ಲಿ ಬೆಂಕಿಗೆ ಸಿಕ್ಕಿ ನಾಶವಾಯಿತು. ಆ ಮನೆಯ ಉತ್ತರದ ತುದಿಯಲ್ಲಿ ಒಂದರ ಮೇಲೊಂದಾಗಿ ಎರಡು ಕೋಣೆಗಳಿದ್ದವು. ಕೆಳಗಿನ ನೆಲಮಾಳಿಗೆಯ ಗೋಡೆಗೂಡಿನಲ್ಲಿ ಜಲದೇವತೆಯರ ಚಿತ್ರವಿತ್ತು; ಅದಕ್ಕಿಂತ ಸುಮಾರು ಇನ್ನೂರು ವರ್ಷಗಳ ತರುವಾಯ ಮೇಲಿನ ಕೋಣೆಯ ಗೋಡೆಗಳ ಮೇಲೆ ಕೈ ಚಾಚಿ ಪ್ರಾರ್ಥಿಸುವ ಆರು ಕ್ರೈಸ್ತ ಆಕೃತಿಗಳನ್ನು ಬರೆಯಲಾಯಿತು. ಈ ಎರಡು ಕೋಣೆಗಳ ಗೋಡೆಗಳೇ ಈ ಅಧ್ಯಯನದ ವಿಷಯ.

ರೋಮನ್ ಪ್ರಾಂತ್ಯಗಳ ಮನೆಗಳಲ್ಲಿ ಸಿಕ್ಕ ಭಿತ್ತಿಚಿತ್ರಗಳನ್ನು ಇಟಲಿಯ ಪಾಂಪೇ ಪಟ್ಟಣದ ಚಿತ್ರಗಳ ಅಳತೆಗೋಲಿನಿಂದ ಅಳೆಯುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹಾಗೆ ಅಳೆದಾಗ ಬ್ರಿಟನ್ನಿನ ಗೋಡೆಗಳು ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತವೆ: ರೇಖೆ ಒರಟು, ದೂರ-ಹತ್ತಿರದ ಲೆಕ್ಕ ತಪ್ಪು, ಬಣ್ಣಗಳು ಬೆರಳೆಣಿಕೆಯವು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಇವು ಕೇಳಬೇಕಾದ ಮೊದಲ ಪ್ರಶ್ನೆಗೆ ಉತ್ತರವಲ್ಲ. ಗೋಡೆಗೆ ಬಣ್ಣ ಬಿದ್ದದ್ದು ಯಾವ ಕೆಲಸಕ್ಕಾಗಿ, ಅದನ್ನು ಉಳಿಸಿಕೊಂಡದ್ದು ಅಥವಾ ಮುಚ್ಚಿದ್ದು ಏಕೆ, ಆ ಕೋಣೆಯೊಳಗೆ ಯಾರು ಯಾವ ಬಾಗಿಲಿನಿಂದ ಬರುತ್ತಿದ್ದರು ಎಂಬುದನ್ನು ಕೇಳಿದಾಗ ಮಾತ್ರ ಇಂತಹ ಗೋಡೆಗಳು ಮಾತನಾಡುತ್ತವೆ. ಲಲ್ಲಿಂಗ್‌ಸ್ಟೋನ್ ಅದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ.

ಪತ್ತೆಯಾದ ಬಗೆ

ಈ ಜಾಗದ ಕುರುಹು ಹದಿನೆಂಟನೆಯ ಶತಮಾನದಲ್ಲಿಯೇ ಸಿಕ್ಕಿತ್ತು. ಜಿಂಕೆವನದ ಬೇಲಿಗೆ ಕಂಬ ನೆಡಲು ಗುಂಡಿ ತೋಡಿದ ಕೆಲಸಗಾರರು ಅರಿಯದೆಯೇ ಬಣ್ಣದ ಕಲ್ಲುಚೂರುಗಳನ್ನು ಜೋಡಿಸಿ ಮಾಡಿದ ಒಂದು ಮೊಸಾಯಿಕ್ ನೆಲವನ್ನು ತೂತು ಮಾಡಿದ್ದರು. 1939ರಲ್ಲಿ ಗಾಳಿಗೆ ಉರುಳಿದ ಮರವೊಂದರ ಬುಡದಲ್ಲಿ ಮೊಸಾಯಿಕ್ ಚೂರುಗಳು ಕಂಡವು. ಯುದ್ಧ ಮುಗಿದ ಮೇಲೆ, 1949ರಿಂದ 1961ರವರೆಗೆ, ಜೆಫ್ರಿ ಮೀಟ್ಸ್ ಅವರ ನೇತೃತ್ವದಲ್ಲಿ ಇಲ್ಲಿ ಉತ್ಖನನ ನಡೆಯಿತು. ನೆಲಮಾಳಿಗೆಯನ್ನು ಅಗೆದಾಗ ಅದರೊಳಗೆ ತುಂಬಿದ್ದ ಸುಟ್ಟ ಮಣ್ಣು, ಇದ್ದಲು ಮತ್ತು ಕಲ್ಲುಗಳ ನಡುವೆ ಬಣ್ಣ ಬಳಿದ ಗಾರೆಯ ಸಾವಿರಾರು ಚೂರುಗಳು ದೊರೆತವು. ಆ ಚೂರುಗಳು ನೆಲಮಾಳಿಗೆಯ ಗೋಡೆಗಳಿಗೆ ಸೇರಿದವಾಗಿರಲಿಲ್ಲ. ಮೇಲಿನ ಕೋಣೆಯ ಮರದ ನೆಲ ಉರಿದು ಕುಸಿದಾಗ ಅದರ ಜೊತೆಗೆ ಮೇಲಿನ ಗೋಡೆಗಳ ಗಿಲಾವೂ ಕೆಳಕ್ಕೆ ಬಿದ್ದು ರಾಶಿಯಾಗಿತ್ತು.

ಈ ಕುಸಿತವೇ ಎರಡೂ ಕೋಣೆಗಳನ್ನು ಉಳಿಸಿತು. ಮೇಲಿನ ಗೋಡೆಗಳು ನಿಂತೇ ಇದ್ದಿದ್ದರೆ ಮಳೆ, ಹಿಮ ಮತ್ತು ಕಲ್ಲು ಹೊತ್ತೊಯ್ಯುವವರ ಕೈಗೆ ಸಿಕ್ಕಿ ಅವುಗಳ ಗುರುತೂ ಉಳಿಯುತ್ತಿರಲಿಲ್ಲ. ಬಿದ್ದ ರಾಶಿಯ ಹೊದಿಕೆ ಇಲ್ಲದಿದ್ದರೆ ಕೆಳಗಿನ ಗೂಡಿಗೂ ಅದೇ ಗತಿಯಾಗುತ್ತಿತ್ತು. ಪ್ರಾಂತ್ಯಗಳ ಭಿತ್ತಿಚಿತ್ರಗಳು ಉಳಿದದ್ದು ಬಹುಮಟ್ಟಿಗೆ ಹೀಗೆಯೇ, ಯಾವುದಾದರೊಂದು ಅನಾಹುತದ ದೆಸೆಯಿಂದ. ಇದೇ ಕೆಂಟಿನ ಡೋವರ್ ಬಂದರಿನಲ್ಲಿ ಸುಮಾರು ಕ್ರಿ.ಶ. 200ರಲ್ಲಿ ಕಟ್ಟಿದ ಮನೆಯೊಂದರ ಮೇಲೆ ಸುಮಾರು 270ರಲ್ಲಿ ಸೈನ್ಯದವರು ಕೋಟೆಯ ಗೋಡೆ ಎಬ್ಬಿಸಿ, ಉಳಿದ ಕೋಣೆಗಳನ್ನು ಮಣ್ಣಿನ ದಿಬ್ಬದಿಂದ ಮುಚ್ಚಿದ್ದರಿಂದ ಅಲ್ಲಿನ ಬಾಕಸ್ ದೇವರ ಸಂಕೇತಗಳುಳ್ಳ ಚಿತ್ರಪಟ್ಟಿಗಳು ಗೋಡೆಯ ಮೇಲೆ ನಿಂತಲ್ಲೇ ಉಳಿದವು. ಸಾಮ್ರಾಜ್ಯದ ಇನ್ನೊಂದು ಅಂಚಿನಲ್ಲಿ, ಯೂಫ್ರಟಿಸ್ ನದಿಯ ಮೇಲಿನ ದುರಾ-ಯೂರೋಪೋಸ್ ಪಟ್ಟಣದಲ್ಲಿ, ಸುಮಾರು 256ರಲ್ಲಿ ಪರ್ಷಿಯಾದ ಸಸಾನಿಯನ್ನರ ಮುತ್ತಿಗೆಯನ್ನು ತಡೆಯಲು ಕೋಟೆಗೋಡೆಗೆ ಒತ್ತಾಗಿ ಸುರಿದ ಮಣ್ಣು ಅಲ್ಲಿನ ಕ್ರೈಸ್ತ ಮನೆ-ದೇವಾಲಯದ ಚಿತ್ರಗಳನ್ನು ಕಾಪಾಡಿತು. ಲಲ್ಲಿಂಗ್‌ಸ್ಟೋನಿನ ಪ್ರಕರಣ ಇವೆರಡಕ್ಕಿಂತ ತೊಡಕಿನದು, ಏಕೆಂದರೆ ಇಲ್ಲಿ ಒಂದು ಕೋಣೆಯ ಸಾಕ್ಷ್ಯ ಇನ್ನೊಂದರೊಳಗೆ ಬಿದ್ದು ಬೆರೆತುಹೋಗಿದೆ. ಯಾವುದು ಎಲ್ಲಿ ಸಿಕ್ಕಿತು ಎಂಬುದರಿಂದ ಅದು ಯಾವ ಕೋಣೆಯದೆಂದು ಇಲ್ಲಿ ಹೇಳಲಾಗದು.

ಕೆಳಗಿನ ಕೋಣೆ

ನೆಲಮಾಳಿಗೆ ಮೊದಲಿಗೆ ದವಸ ಕೂಡಿಡುವ ಉಗ್ರಾಣವಾಗಿತ್ತೆಂದು ತೋರುತ್ತದೆ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಪೂಜೆಯ ಜಾಗವಾಯಿತು. ನೆಲದ ನಡುವೆ ನೀರು ನಿಲ್ಲುವ ಒಂದು ಗುಂಡಿಯನ್ನು ತೋಡಲಾಯಿತು; ಗೋಡೆಯಲ್ಲಿ ಗೂಡು ಮಾಡಿ, ಅದರೊಳಗೆ ಮೂವರು ಜಲದೇವತೆಯರನ್ನು ಬರೆಯಲಾಯಿತು. ಒಬ್ಬಳ ಆಕೃತಿ ಬಹುತೇಕ ಅಳಿಸಿಹೋಗಿದೆ. ಉಳಿದವರಲ್ಲಿ ಒಬ್ಬಳ ತಲೆಗೂದಲಿಗೆ ಹಸಿರು ಎಲೆಗಳ ಸಿಂಗಾರವಿದೆ, ಅವಳ ಸ್ತನಗಳಿಂದ ನೀರಿನ ಧಾರೆ ಇಳಿಯುತ್ತಿದೆ. ಮುಖದ ಗೆರೆಗಳು ಸರಳವಾಗಿವೆ. ಆದರೆ ಕಣ್ಣುಗಳು ನೋಡುವವರ ಕಡೆಗೆ ನೇರವಾಗಿ ತಿರುಗಿವೆ, ಮೈಬಣ್ಣದ ನೆರಳು-ಬೆಳಕನ್ನು ತಿಳಿದವರ ಕೈ ಹಾಕಿದೆ. ಹೊರಗೆ ಕೆಲವೇ ಹೆಜ್ಜೆಗಳ ದೂರದಲ್ಲಿ ಡ್ಯಾರೆಂಟ್ ಹರಿಯುತ್ತದೆ. ಒಳಗೆ ಗೂಡಿನ ಮುಂದೆ ನೀರಿನ ಗುಂಡಿ, ಗೂಡಿನಲ್ಲಿ ನೀರು ಸುರಿಸುವ ದೇವತೆ. ಇಲ್ಲಿ ಚಿತ್ರವನ್ನು ಅಲಂಕಾರವೆಂದು ಕರೆದು ಮುಂದೆ ಸಾಗುವುದು ನನಗೆ ಸಾಧ್ಯವೇ ಇಲ್ಲ. ಗುಂಡಿ, ಗೂಡು, ಚಿತ್ರ ಮೂರೂ ಸೇರಿ ಒಂದೇ ಏರ್ಪಾಡು.

ಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಯವರು ಈ ಏರ್ಪಾಡನ್ನು ಬದಲಿಸಿದರು. ದೇವತೆಯರ ಗೂಡನ್ನು ಮುಚ್ಚಿ ಅದರ ಮೇಲೆ ಗಾರೆ ಬಳಿಯಲಾಯಿತು. ಆ ಕೋಣೆಯಲ್ಲಿ ಈಗ ಗಡ್ಡಧಾರಿಗಳಾದ ಇಬ್ಬರು ಪುರುಷರ ಅಮೃತಶಿಲೆಯ ಎದೆಮಟ್ಟದ ಪ್ರತಿಮೆಗಳು ನೆಲೆಗೊಂಡವು. ಎರಡೂ ಎರಡನೆಯ ಶತಮಾನದ ಕೆತ್ತನೆ, ಅಂದರೆ ಅಲ್ಲಿಗೆ ಬರುವ ಹೊತ್ತಿಗೇ ಹಳೆಯವು. ಒಂದು ಪ್ರತಿಮೆ, 180ರ ದಶಕದಲ್ಲಿ ಬ್ರಿಟನ್ನಿನ ರಾಜ್ಯಪಾಲನಾಗಿದ್ದು 193ರಲ್ಲಿ ಮೂರು ತಿಂಗಳಿಗೂ ಕಡಿಮೆ ಅವಧಿಗೆ ಚಕ್ರವರ್ತಿಯಾದ ಪರ್ಟಿನಾಕ್ಸ್‌ನದು, ಇನ್ನೊಂದು ಅವನ ತಂದೆಯದು ಎಂಬ ವಾದವನ್ನು ಇತ್ತೀಚಿನ ವಿದ್ವಾಂಸರು ಮಂಡಿಸಿದ್ದಾರೆ. ವಾದ ಆಕರ್ಷಕವಾಗಿದೆ; ಆದರೆ ಅದು ಮುಖಹೋಲಿಕೆಯ ಮೇಲೆ ನಿಂತದ್ದು, ಪ್ರತಿಮೆಗಳ ಮೇಲೆ ಹೆಸರಿಲ್ಲ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. ಪ್ರತಿಮೆಗಳ ಮುಂದೆ ನೆಲದಲ್ಲಿ ಪಾತ್ರೆಗಳನ್ನು ಹುಗಿದಿಟ್ಟಿದ್ದರು, ಕಾಣಿಕೆ ಅರ್ಪಿಸುವುದಕ್ಕಾಗಿ. ದೇವತೆಯರ ಚಿತ್ರವನ್ನು ಕೆರೆದು ತೆಗೆಯಲಿಲ್ಲ, ಸುತ್ತಿಗೆಯಿಂದ ಮುಖ ಒಡೆಯಲಿಲ್ಲ, ಮುಚ್ಚಿದರು, ಅಷ್ಟೆ. ಮುಚ್ಚಿದ ಚಿತ್ರ ಗೋಡೆಯೊಳಗೆ ಹಾಗೆಯೇ ಇತ್ತು, ಆದ್ದರಿಂದಲೇ ಇಂದು ನಮಗೆ ಕಾಣಲು ಸಿಕ್ಕಿದೆ.

ಮೇಲಿನ ಕೋಣೆ

ನಾಲ್ಕನೆಯ ಶತಮಾನದ ನಡುವಿನಲ್ಲಿ ಮನೆಗೆ ಮತ್ತೆ ಸಿರಿ ಬಂದಿತು. ಅರ್ಧವೃತ್ತದ ಭೋಜನಶಾಲೆಯ ನೆಲದಲ್ಲಿ ಎತ್ತಿನ ರೂಪದ ಜ್ಯೂಪಿಟರ್ ಯೂರೋಪಾಳನ್ನು ಹೊತ್ತೊಯ್ಯುವ ಮೊಸಾಯಿಕ್ ಚಿತ್ರ, ಅದರ ಮೇಲೆ ಎರಡು ಸಾಲಿನ ಲ್ಯಾಟಿನ್ ಪದ್ಯ. ಎತ್ತು ಈಜಿಕೊಂಡು ಹೋಗುವುದನ್ನು ಜ್ಯೂಪಿಟರ್‌ನ ಹೆಂಡತಿ, ಅಸೂಯೆಯ ಜೂನೋ ಕಂಡಿದ್ದರೆ ಅವಳು ಗಾಳಿಯ ದೊರೆ ಈಯೊಲಸ್‌ನ ಮನೆಗೆ ಹೋಗಲು ಹೆಚ್ಚು ನ್ಯಾಯವಾದ ಕಾರಣವಿರುತ್ತಿತ್ತು ಎಂಬುದು ಅದರ ಸಾರ. ಜೂನೋ ಈಯೊಲಸ್‌ನ ಬಳಿಗೆ ಹೋಗುವ, ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯದ ಮೊದಲ ಭಾಗ ಬಾಯಿಗೆ ಬರುವವರಿಗಷ್ಟೇ ಈ ಮಾತಿನ ಸ್ವಾರಸ್ಯ ಹತ್ತುತ್ತದೆ. ಪಕ್ಕದ ಕೋಣೆಯ ನೆಲದಲ್ಲಿ ಗ್ರೀಕ್ ಪುರಾಣದ ವೀರ ಬೆಲೆರೋಫೋನ್ ಕೈಮೀರ ಎಂಬ ವಿಚಿತ್ರ ಮೃಗವನ್ನು ಕೊಲ್ಲುತ್ತಿದ್ದಾನೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಋತುಗಳಿವೆ. ಊಟಕ್ಕೆ ಬಂದ ಅತಿಥಿಗಳಿಗೆ ತಮ್ಮ ವಿದ್ಯೆಯನ್ನು ತೋರಿಸಲು ಬಯಸಿದ ಮನೆತನ ಇದು. ಇದೇ ಮನೆಯಲ್ಲಿ, ಈ ನೆಲಗಳನ್ನು ಹಾಸಿ ಕೆಲವು ದಶಕಗಳೊಳಗೆ, ನೆಲಮಾಳಿಗೆಯ ಮೇಲಿನ ಕೋಣೆ ಕ್ರೈಸ್ತ ಆರಾಧನೆಯ ಜಾಗವಾಯಿತು.

ಆ ಕೋಣೆಯ ಚಿತ್ರಗಳ ರೂಪ ತಿಳಿದದ್ದು ಚೂರುಗಳನ್ನು ಜೋಡಿಸಿದ ಮೇಲೆಯೇ. ಒಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಕಂಬಸಾಲು. ಕಂಬಗಳ ನಡುವೆ ಆರು ಜನ. ಅವರು ತೊಟ್ಟಿರುವುದು ಉದ್ದ ತೋಳಿನ, ಮುತ್ತಿನಂತಹ ಚುಕ್ಕೆಗಳ ಪಟ್ಟಿಯುಳ್ಳ ಬೆಲೆಬಾಳುವ ಉಡುಪು. ಎರಡೂ ಕೈಗಳನ್ನು ಮೊಣಕೈ ಮಡಿಸಿ, ಅಂಗೈ ಮುಂದೆ ಕಾಣುವಂತೆ ಅಗಲಕ್ಕೆ ಚಾಚುವುದು ಆ ಕಾಲದ ಕ್ರೈಸ್ತರ ಪ್ರಾರ್ಥನೆಯ ಭಂಗಿ. ಇನ್ನೊಂದು ಗೋಡೆಯ ಮೇಲೆ ದೊಡ್ಡ ಹೂಮಾಲೆಯ ಸುತ್ತು, ಅದರ ನಡುವೆ ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರಗಳನ್ನು ಹೆಣೆದ ಖೈ-ರೋ ಚಿಹ್ನೆ, ಅಕ್ಕಪಕ್ಕದಲ್ಲಿ ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ ಮತ್ತು ಒಮೇಗಾ. ಒಳಗೆ ಬರುವ ದಾರಿಯ ಸಣ್ಣ ಕೋಣೆಯಲ್ಲಿಯೂ ಇಂತಹದೇ ಚಿಹ್ನೆ ಇತ್ತು. ಮನೆಯ ಒಳಗಿನಿಂದ ಈ ಕೋಣೆಗಳಿಗೆ ಇದ್ದ ಬಾಗಿಲನ್ನು ಮುಚ್ಚಿ, ಹೊರಗಿನಿಂದ ಬರುವ ದಾರಿಯನ್ನು ಮಾಡಲಾಗಿತ್ತು.

ಈ ಬಾಗಿಲಿನ ವಿಷಯಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಚಿತ್ರಗಳನ್ನಷ್ಟೇ ನೋಡಿದರೆ ಸಿರಿವಂತ ಕುಟುಂಬವೊಂದು ತನ್ನ ಭಕ್ತಿಯನ್ನು ತನ್ನ ಗೋಡೆಯ ಮೇಲೆ ಬರೆಸಿಕೊಂಡಿತೆಂದು ತೋರುತ್ತದೆ. ಬಾಗಿಲನ್ನು ಸೇರಿಸಿ ನೋಡಿದಾಗ ಕಥೆ ಬೇರೆಯಾಗುತ್ತದೆ. ಮನೆಯೊಳಗಿನ ದಾರಿ ಮುಚ್ಚಿ ಹೊರದಾರಿ ತೆರೆದದ್ದರಿಂದ ಸುತ್ತಲಿನ ಒಕ್ಕಲುಗಳು, ಕೆಲಸದಾಳುಗಳು, ನೆರೆಹೊರೆಯವರು ಭೋಜನಶಾಲೆಯ ಮೂಲಕ ಹಾಯದೆ ನೇರವಾಗಿ ಬರುವುದು ಸಾಧ್ಯವಾಯಿತು. ಹಾಗೆ ಬಂದವರು ಮೊದಲು ಸಣ್ಣ ಕೋಣೆಯ ಚಿಹ್ನೆಯನ್ನು ಕಂಡು, ಆಮೇಲೆ ಒಳಗೆ ಬಂದಾಗ ಕೈ ಚಾಚಿ ನಿಂತ ಆರು ಜನರ ಎದುರಿಗೆ ತಾವೂ ಕೈ ಚಾಚಿ ನಿಲ್ಲಬೇಕಾಗಿತ್ತು. ಪ್ರಾರ್ಥನೆಯನ್ನು ಹೇಗೆ ಮಾಡಬೇಕೆಂಬುದನ್ನು ಗೋಡೆಯೇ ತೋರಿಸುತ್ತಿತ್ತು. ಅದೇ ಆರು ಜನ ಮನೆಯ ಒಡೆಯನ ಕುಟುಂಬದವರಾಗಿದ್ದರೆ, ಬಂದವರು ದೇವರ ಮುಂದೆ ನಿಂತಾಗಲೂ ತಮ್ಮ ಒಡೆಯರ ಮುಂದೆಯೇ ನಿಂತಿದ್ದರು. ಭಕ್ತಿಯೂ ಅಂತಸ್ತೂ ಒಂದೇ ಗಿಲಾವಿನ ಮೇಲೆ ಬರೆದಿರುವುದನ್ನು ಇಲ್ಲಿ ಕಾಣುತ್ತೇವೆ.

ಆರು ಜನರಲ್ಲಿ ಒಬ್ಬನ ಹಿಂದೆ ಪರದೆಯೊಂದನ್ನು ಬರೆಯಲಾಗಿದೆ. ಆತ ಚಿತ್ರ ಬರೆಯುವ ಹೊತ್ತಿಗೆ ತೀರಿಕೊಂಡಿದ್ದನೆಂಬುದಕ್ಕೆ ಅದು ಸಂಕೇತವೆಂದು ವಿವರಿಸುವವರಿದ್ದಾರೆ. ಹಾಗೂ ಇರಬಹುದು. ಆದರೆ ಕೊನೆಗಾಲದ ರೋಮನ್ ಚಿತ್ರಗಳಲ್ಲಿ ಪರದೆ ಗೌರವದ ಹಿನ್ನೆಲೆಯಾಗಿಯೂ ಬರುತ್ತದೆ, ಆದ್ದರಿಂದ ಒಂದು ಪರದೆಯ ಮೇಲೆ ಒಂದು ಸಾವನ್ನು ಕಟ್ಟುವುದಕ್ಕೆ ನಾನು ಹಿಂಜರಿಯುತ್ತೇನೆ.

ಚೂರುಗಳನ್ನು ಓದುವುದು

ಜೋಡಣೆಯ ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಮಾತ್ರ ಈ ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತಿಳಿಯುತ್ತದೆ. ಸುಣ್ಣ ಮತ್ತು ಮರಳಿನ ಗಿಲಾವು ಇನ್ನೂ ಹಸಿಯಾಗಿರುವಾಗ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಮೊದಲ ಒರಟು ಲೇಪದ ಮೇಲೆ ಮೂರು ಪದರ ಮರಳುಗಾರೆ, ಅದರ ಮೇಲೆ ಮೂರು ಪದರ ಅಮೃತಶಿಲೆಯ ಪುಡಿಯ ಗಾರೆ ಹಾಕಬೇಕೆಂದು ಬರೆದಿದ್ದಾನೆ. ಪ್ರಾಂತ್ಯಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಪದರಗಳಷ್ಟೇ. ಹಿನ್ನೆಲೆಯ ಬಣ್ಣವನ್ನು ಹಸಿಯಲ್ಲಿ ಹಚ್ಚಿ, ಮುಖ, ಕಣ್ಣು, ಉಡುಪಿನ ಅಂಚಿನಂತಹ ಸೂಕ್ಷ್ಮಗಳನ್ನು ಒಣಗಿದ ಮೇಲೆ ಬರೆಯುವುದೂ ಉಂಟು. ಹಾಗೆ ಒಣಗಿದ ಮೇಲೆ ಬರೆದದ್ದೇ ಮೊದಲು ಉದುರುತ್ತದೆ. ಆದ್ದರಿಂದ ಪ್ರಾಂತ್ಯದ ಚಿತ್ರವೊಂದು ಬರಿದಾಗಿ, ಒರಟಾಗಿ ಕಂಡರೆ ಅದು ಚಿತ್ರಕಾರನ ಕೊರತೆಯೋ, ಮೇಲಿನ ಬಣ್ಣ ಉದುರಿದ್ದೋ ಎಂದು ಪ್ರತಿ ಬಾರಿ ಕೇಳಿಕೊಳ್ಳಬೇಕು.

ಚೂರನ್ನು ಕೈಗೆ ತೆಗೆದುಕೊಂಡವರು ಮೊದಲು ನೋಡುವುದು ಅದರ ಬೆನ್ನು. ಪದರಗಳು ಎಷ್ಟು, ಮರಳು ಒರಟೋ ನಯವೋ, ಇಟ್ಟಿಗೆಪುಡಿ ಬೆರೆತಿದೆಯೋ, ಹಿಂಬದಿಯಲ್ಲಿ ಕಲ್ಲಿನ ಗುರುತಿದೆಯೋ ಮರದ ಪಟ್ಟಿಯ ಗುರುತಿದೆಯೋ ಎಂಬುದರ ಮೇಲೆ ಚೂರುಗಳು ಗೋಡೆವಾರು ಬೇರ್ಪಡುತ್ತವೆ. ಮುಂಬದಿಯಲ್ಲಿ ಕರಣೆ ಎಳೆದ ದಿಕ್ಕು, ಕುಂಚದ ಎಳೆಗಳ ದಿಕ್ಕು, ನೇರ ಗೆರೆಗಾಗಿ ದಾರ ಒತ್ತಿದ ಕಚ್ಚು, ವೃತ್ತ ಎಳೆಯಲು ಕೈವಾರದ ಮುಳ್ಳು ಚುಚ್ಚಿದ ಚುಕ್ಕೆ, ಮೂಲೆಯಲ್ಲಿ ಗಿಲಾವು ತಿರುಗಿದ ಅಂಚು ಇವೆಲ್ಲ ದಾರಿ ತೋರಿಸುತ್ತವೆ. ಬೆಂಕಿಗೆ ಸಿಕ್ಕ ಮನೆಯಲ್ಲಿ ಇನ್ನೂ ಒಂದು ತೊಡಕಿದೆ. ಹಳದಿ ಮಣ್ಣಿನ ಬಣ್ಣ ಹೆಚ್ಚು ಕಾವು ತಗುಲಿದಾಗ ತನ್ನೊಳಗಿನ ನೀರನ್ನು ಕಳೆದುಕೊಂಡು ಕಾವಿಯ ಕೆಂಪಾಗುತ್ತದೆ. ಒಂದೇ ಪಟ್ಟಿಯ ಎರಡು ಚೂರುಗಳಲ್ಲಿ ಉರಿಯ ಹತ್ತಿರ ಬಿದ್ದದ್ದು ಕೆಂಪಾಗಿ, ದೂರ ಬಿದ್ದದ್ದು ಹಳದಿಯಾಗಿಯೇ ಉಳಿಯಬಹುದು. ಬಣ್ಣ ನೋಡಿ ಜೋಡಿಸಲು ಹೊರಟವರು ಇಲ್ಲಿ ಸುಲಭವಾಗಿ ದಾರಿ ತಪ್ಪುತ್ತಾರೆ. ಮನೆ ಉರಿದ ಬೆಂಕಿಯೇ ಚಿತ್ರವನ್ನು ಉಳಿಸಿತೆಂದು ಮೇಲೆ ಹೇಳಿದೆ. ಅದೇ ಬೆಂಕಿ ಅದರ ಸಾಕ್ಷ್ಯವನ್ನು ಕೆಡಿಸಲೂ ಬಲ್ಲದು.

ವರುಷಗಟ್ಟಲೆ ನಡೆದ ಈ ತಾಳ್ಮೆಯ ಕೆಲಸದಿಂದ ಮೂಡಿದ ಆಕೃತಿಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಲ್ಲಿ ಮೂಲ ಚೂರುಗಳ ನಡುವಿನ ಖಾಲಿ ಜಾಗಗಳನ್ನು ಊಹೆಯ ಬಣ್ಣದಿಂದ ತುಂಬಿದ್ದಾರೆ. ನೋಡುವವರು ಒಂದು ಕೈ, ಅರ್ಧ ಮುಖ, ಉಡುಪಿನ ಒಂದು ಪಟ್ಟಿ ಮೂಲದ್ದೆಂದೂ ಉಳಿದದ್ದು ಜೋಡಿಸಿದವರ ತೀರ್ಮಾನವೆಂದೂ ಗುರುತಿಸಿಕೊಂಡು ನೋಡಬೇಕು. ಆ ತೀರ್ಮಾನವನ್ನು ನಾನು ಬಹುಪಾಲು ಒಪ್ಪುತ್ತೇನೆ, ಏಕೆಂದರೆ ಖೈ-ರೋ ಚಿಹ್ನೆ, ಮಾಲೆಯ ಸುತ್ತು ಮತ್ತು ಚಾಚಿದ ಕೈಗಳು ಅನುಮಾನಕ್ಕೆ ಎಡೆಯಿಲ್ಲದಷ್ಟು ಉಳಿದಿವೆ.

ಬರೆದವರು ಯಾರು

ಚಿತ್ರಕಾರರ ಹೆಸರು ಎಲ್ಲಿಯೂ ಇಲ್ಲ. ಆದರೆ ಕಸುಬಿನ ಒಳಗಿನ ದರ್ಜೆಯನ್ನು ಡಯೊಕ್ಲೀಷಿಯನ್ ಚಕ್ರವರ್ತಿ 301ರಲ್ಲಿ ಹೊರಡಿಸಿದ ಬೆಲೆಗಳ ಶಾಸನ ತಿಳಿಸುತ್ತದೆ: ಗೋಡೆಗೆ ಬಣ್ಣ ಬಳಿಯುವವನಿಗೆ ಊಟವಲ್ಲದೆ ದಿನಕ್ಕೆ 75 ದಿನಾರಿ, ಆಕೃತಿ ಬರೆಯುವವನಿಗೆ 150, ಹೊಲದ ಕೂಲಿಗೆ 25. ಈ ಶಾಸನದ ಪ್ರತಿಗಳು ಸಿಕ್ಕಿರುವುದು ಮುಖ್ಯವಾಗಿ ಪೂರ್ವದ ಪ್ರಾಂತ್ಯಗಳಲ್ಲಿ, ಬ್ರಿಟನ್ನಿನಲ್ಲಿ ಅಲ್ಲ. ಅಂಕಿಗಳನ್ನು ಹಾಗೆಯೇ ಕೆಂಟಿಗೆ ತರಲಾಗದಿದ್ದರೂ ಅವುಗಳ ನಡುವಿನ ಅಂತರ ಅರ್ಥಪೂರ್ಣವಾಗಿದೆ. ಕಂಬ, ಅಂಚು, ಪಟ್ಟಿಗಳನ್ನು ಬರೆಯುವ ಕೈಗೂ ಮುಖ ಬರೆಯುವ ಕೈಗೂ ಇಮ್ಮಡಿ ವ್ಯತ್ಯಾಸ. ಆರು ಜನರ ಮುಖ ಬರೆಸಿದ ಮನೆಯವರು ಗೋಡೆಗೆ ಬರೇ ಬಣ್ಣ ಹೊಡೆಸಿದವರಿಗಿಂತ ಬಹಳ ಹೆಚ್ಚು ತೆತ್ತಿರಬೇಕು. ಬಣ್ಣಗಳಲ್ಲಿಯೂ ಇದೇ ಭೇದ. ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ಸುಣ್ಣದ ಬಿಳಿ, ಇದ್ದಲಿನ ಕಪ್ಪು ಚಿತ್ರಕಾರನ ಖರ್ಚು. ಇಂಗಳೀಕದಂತಹ ದುಬಾರಿ ಬಣ್ಣಗಳನ್ನು ಮನೆಯೊಡೆಯನೇ ತಂದುಕೊಡಬೇಕಿತ್ತೆಂದು ರೋಮನ್ ಲೇಖಕ ಹಿರಿಯ ಪ್ಲಿನಿ ಬರೆಯುತ್ತಾನೆ. ಆ ದುಬಾರಿ ಬಣ್ಣಗಳ ಪಟ್ಟಿಯಲ್ಲಿ ಭಾರತದಿಂದ ಹೋಗುತ್ತಿದ್ದ, ಅವರು ಇಂಡಿಕಮ್ ಎಂದು ಕರೆಯುತ್ತಿದ್ದ ಬಣ್ಣವೂ ಇದೆ.

ಎರಡು ಕೋಣೆಗಳ ನಡುವಿನ ಪ್ರಶ್ನೆ

ಈ ಪ್ರಕರಣದ ಮುಖ್ಯ ಪ್ರಶ್ನೆ ಮೇಲಿನ ಕೋಣೆಯಲ್ಲಿ ಕ್ರೈಸ್ತ ಪ್ರಾರ್ಥನೆ ನಡೆಯುತ್ತಿದ್ದಾಗ ಕೆಳಗಿನ ಪ್ರತಿಮೆಗಳ ಗತಿ ಏನಾಗಿತ್ತು ಎಂಬುದು. ಅವುಗಳನ್ನು ಯಾರೂ ಹೊರಗೆಸೆದಿರಲಿಲ್ಲ. ಉತ್ಖನನದಲ್ಲಿ ಸಿಕ್ಕಿದ್ದು ಅದೇ ಕೋಣೆಯಲ್ಲಿ. ಕೆಳಗೆ ಸಿಕ್ಕ ಮಡಕೆಗಳ ಕಾಲವನ್ನು ಗಮನಿಸಿದ ಮೀಟ್ಸ್, ಮೇಲೆ ಕ್ರೈಸ್ತ ಆರಾಧನೆ ನಡೆಯುತ್ತಿದ್ದಾಗಲೂ ಕೆಳಗೆ ಕಾಣಿಕೆ ಅರ್ಪಿಸುವುದು ನಿಂತಿರಲಿಲ್ಲವೆಂದು ತೀರ್ಮಾನಿಸಿದರು. ಮನೆಯೊಳಗೇ ಎರಡು ಪಂಗಡಗಳಿದ್ದವೆಂದು ಕೆಲವರು ಊಹಿಸುತ್ತಾರೆ: ಹೊಸ ಮತ ಹಿಡಿದ ಒಂದು ತಲೆಮಾರು, ಹಳೆಯದನ್ನು ಬಿಡದ ಇನ್ನೊಂದು.

ನನಗೆ ಇನ್ನೊಂದು ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕೆಳಗಿದ್ದವರು ಈ ಹೊತ್ತಿಗೆ ದೇವರುಗಳಾಗಿರಲಿಲ್ಲ. ದೇವತೆಯರ ಗೂಡು ನೂರು ವರ್ಷಗಳ ಹಿಂದೆಯೇ ಗಾರೆಯ ಹಿಂದೆ ಸೇರಿತ್ತು. ಕಾಣುತ್ತಿದ್ದದ್ದು ಮನೆಯ ಹಿರಿಯರೆಂದು ಭಾವಿಸಲಾಗಿದ್ದ ಇಬ್ಬರು ಮನುಷ್ಯರ ಮುಖಗಳು. ಹಿರಿಯರಿಗೆ ಎಡೆ ಇಡುವುದು ಹೊಸ ಮತಕ್ಕೆ ವಿರೋಧವೆಂದು ಆ ಮನೆಯವರಿಗೆ ತೋರಿರಲಿಕ್ಕಿಲ್ಲ. ಮನೆದೇವರುಗಳಿಗೆ ದೀಪ, ಮದ್ಯ, ಮಾಲೆ ಅರ್ಪಿಸುವುದನ್ನು ಥಿಯೊಡೋಸಿಯಸ್ ಚಕ್ರವರ್ತಿ ಕಾನೂನಿನಿಂದ ನಿಷೇಧಿಸಿದ್ದು 392ರಲ್ಲಿ. ಅಂತಹ ಕಾನೂನು ಬೇಕಾಯಿತೆಂದರೆ ಅಂತಹ ಅರ್ಪಣೆ ಸಾಮ್ರಾಜ್ಯದ ಮನೆಮನೆಗಳಲ್ಲಿ ಇನ್ನೂ ನಡೆಯುತ್ತಿತ್ತೆಂದೇ ಅರ್ಥ. ಲಲ್ಲಿಂಗ್‌ಸ್ಟೋನಿನವರು ಜಲದೇವತೆಯರನ್ನು ಮುಚ್ಚುವಾಗ ಒಡೆಯದೆ ಮುಚ್ಚಿದರು, ಪ್ರತಿಮೆಗಳನ್ನು ತೆಗೆಯದೆ ಮೇಲೆ ಹೊಸ ಗೋಡೆ ಬರೆಸಿದರು. ಎರಡು ಬಾರಿಯೂ ಅವರ ನಡೆ ಒಂದೇ ಬಗೆಯದು.

ಈ ವಿವರಣೆಗೆ ಎದುರಾಗುವ ಆಕ್ಷೇಪವೂ ಗಟ್ಟಿಯಾದದ್ದೇ. ಮಡಕೆಯ ಕಾಲನಿರ್ಣಯ ಕೆಲವು ದಶಕಗಳ ಆಚೀಚೆ ಸರಿಯಬಲ್ಲದು. ಮೇಲಿನ ಚಿತ್ರಗಳ ಕಾಲವೂ ಹಾಗೆಯೇ. ಕೆಳಗಿನ ಕಾಣಿಕೆಗಳು ನಿಂತ ಮೇಲೆಯೇ ಮೇಲಿನ ಗೋಡೆಗೆ ಬಣ್ಣ ಬಿದ್ದಿದ್ದರೆ ಎರಡು ಆರಾಧನೆಗಳು ಒಟ್ಟಿಗೆ ಇದ್ದವೆಂಬ ಮಾತು ನಿಲ್ಲುವುದಿಲ್ಲ, ಆದರೆ ಹಳೆಯದನ್ನು ನಾಶಮಾಡದೆ ಅದರ ಮೇಲೆಯೇ ಹೊಸದನ್ನು ನಡೆಸಿದರೆಂಬ ಮಾತು ಆಗಲೂ ನಿಲ್ಲುತ್ತದೆ. ಅಲ್ಲಿ ಎಡವುವುದು ಕಾಲದ ಲೆಕ್ಕ ಮಾತ್ರ, ಗೋಡೆಗಳ ಸಾಕ್ಷ್ಯವಲ್ಲ.

ಇಂದು ಜಲದೇವತೆಯರು ಲಲ್ಲಿಂಗ್‌ಸ್ಟೋನಿನ ತಮ್ಮ ಗೂಡಿನಲ್ಲಿಯೇ, ಮೇಲ್ಛಾವಣಿ ಕಟ್ಟಿ ಕಾಪಾಡಿದ ಕಟ್ಟಡದೊಳಗೆ ಇದ್ದಾರೆ. ಪ್ರತಿಮೆಗಳ ಜಾಗದಲ್ಲಿ ಪ್ರತಿಕೃತಿಗಳಿವೆ. ಮೇಲಿನ ಕೋಣೆಯ ಪ್ರಾರ್ಥಕರು ಲಂಡನ್ನಿನ ಮ್ಯೂಸಿಯಂನಲ್ಲಿದ್ದಾರೆ. ಸಂರಕ್ಷಣೆಯ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡು. ಆದರೆ ಮ್ಯೂಸಿಯಂಗೆ ಹೋದವರು ಬ್ರಿಟನ್ನಿನ ಆರಂಭದ ಕ್ರೈಸ್ತ ಕಲೆಯನ್ನು ಕಂಡು ಬರುತ್ತಾರೆ, ಲಲ್ಲಿಂಗ್‌ಸ್ಟೋನಿಗೆ ಹೋದವರು ಹಳೆಯ ಮತದ ನೆಲಮಾಳಿಗೆಯನ್ನು ಕಂಡು ಬರುತ್ತಾರೆ; ಒಂದರ ನೆಲವೇ ಇನ್ನೊಂದರ ಸೂರಾಗಿತ್ತೆಂಬುದು ಎರಡೂ ಕಡೆ ಕಣ್ಣಿಗೆ ಬೀಳುವುದಿಲ್ಲ. ಪ್ರಾಂತ್ಯದ ಭಿತ್ತಿಚಿತ್ರಗಳನ್ನು ಅಧ್ಯಯನ ಮಾಡುವವರು ಈ ಮನೆಯ ಚಿತ್ರಗಳನ್ನು ಒಂದೊಂದಾಗಿ ನೋಡುವ ಮೊದಲು ಅದರ ಉತ್ತರ ತುದಿಯ ಅಡ್ಡಸೀಳು ನಕ್ಷೆಯನ್ನು, ಅಂದರೆ ಗೂಡು, ಗುಂಡಿ, ಮರದ ನೆಲ, ಮೇಲಿನ ಗೋಡೆ ಮತ್ತು ಮುಚ್ಚಿದ ಬಾಗಿಲು ಒಟ್ಟಿಗೆ ಕಾಣುವ ನಕ್ಷೆಯನ್ನು, ಎದುರಿಗಿಟ್ಟುಕೊಂಡು ಆರಂಭಿಸಬೇಕು.